ನನ್ನ ವೆಬ್‌ಸೈಟಿನಲ್ಲಿ ಅಣ್ಣನ ಮುಖ

ವೆಬ್‌ಸೈಟ್ ಮಾಡುವವನು ಕುರ್ಚಿ ತಿರುಗಿಸಿ ಕೇಳಿದ, "ಮ್ಯಾಲಿನ ದೊಡ್ಡ ಜಾಗದಾಗ ಯಾರ ಫೋಟೊ ಹಾಕ್ಲಿ?"

ಕೇಳಿದ್ದು ನನ್ನನ್ನಲ್ಲ. ನನ್ನ ಹಿಂದೆ ನಿಂತಿದ್ದ ಅಣ್ಣನನ್ನು.

"ನಂದು" ಅಂದೆ.

ಅವನು ಮತ್ತೆ ಅಣ್ಣನ ಮುಖ ನೋಡಿದ. "ಆಪಾ, ಬೇಜಾರ ಆಗಬ್ಯಾಡ್ರಿ. ಬೋರಿನ ಕೆಲಸಕ್ಕ ಹೆಣ್ಮಕ್ಕಳ ಫೋಟೊ ಹಾಕಿದ್ರ ಜನ ಬ್ಯೂಟಿ ಪಾರ್ಲರ್ ಅಂತ ತಿಳ್ಕೊಂಡು ಮುಂದ ಹೋಗ್ತಾರ."

"ಹೋಗ್ಲಿ. ಪಾರ್ಲರ್ ಅಂತ ಬಂದವರ ಅಂಗಳದಾಗೂ ನೀರ್ ನೋಡ್ತೀನಿ."

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಫೋಟೊ ಇದ್ದ ಪೆನ್‌ಡ್ರೈವ್ ಟೇಬಲ್ಲಿನ ಮೇಲಿಟ್ಟೆ.

ಬೀದರಿನ ಹಳೇ ಊರಿನಲ್ಲಿ ಅವನ ಅಂಗಡಿ. ಮದುವೆ ಕಾರ್ಡು, ಜೆರಾಕ್ಸು, ವೆಬ್‌ಸೈಟು, ಮೂರೂ ಒಂದೇ ಟೇಬಲ್ಲಿನ ಮೇಲೆ ಆಗುತ್ತಿದ್ದವು. ಅವನು ಮೊದಲು ಮಾಡಿ ತೋರಿಸಿದ ಪುಟದ ಸುತ್ತಲೂ ಗುಲಾಬಿ ಹೂವಿನ ಅಂಚು ಇತ್ತು, ನಡುವೆ ಯಾವುದೋ ಹಿಮದ ದೇಶದ ಜಲಪಾತ ಧುಮುಕುತ್ತಿತ್ತು. "ನೀರು ಅಂದ್ರಲ್ಲ ಆಪಾ" ಅಂದ. ಹೂವು ತೆಗೆಸಿದೆ, ಜಲಪಾತ ತೆಗೆಸಿದೆ. ಯಂತ್ರದ ಪಕ್ಕದಲ್ಲಿ ಟೊಪ್ಪಿಗೆ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತ ನನ್ನ ಫೋಟೊ ಹಾಕಿಸಿದೆ. ಕೆಳಗೆ ನನ್ನ ಹೆಸರು, ನನ್ನ ಡಿಗ್ರಿ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನೆಲದೊಳಗೆ ನೀರು ಎಲ್ಲಿದೆ ಎಂದು ಯಂತ್ರ ಇಟ್ಟು ನೋಡುವುದು. ಕಬ್ಬಿಣದ ಸಲಾಕೆಗಳನ್ನು ನೆಲಕ್ಕೆ ಹೊಡೆದು, ತಂತಿ ಎಳೆದು, ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಬಿಟ್ಟು, ಒಳಗಿನ ಎರಡರಿಂದ ಓದಬೇಕು. ಗಟ್ಟಿ ಕಲ್ಲು ಕರೆಂಟನ್ನು ತಡೆಯುತ್ತದೆ. ಒಡೆದು ನೀರು ಕುಡಿದ ಕಲ್ಲು ಬಿಟ್ಟುಕೊಡುತ್ತದೆ. ಸಲಾಕೆಗಳನ್ನು ದೂರ ಸರಿಸಿದಷ್ಟೂ ಆಳದ ಸುದ್ದಿ ಬರುತ್ತದೆ. ಇದನ್ನು ಗುಲಬರ್ಗಾದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದಿ ಕಲಿತೆ, ಆಮೇಲೆ ಹೈದರಾಬಾದಿನ ಒಂದು ಕಂಪನಿಯಲ್ಲಿ ಬಿಸಿಲಿಗೆ ಚರ್ಮ ಸುಲಿಸಿಕೊಂಡು ಕಲಿತೆ. ಕಂಪನಿ ಮುಚ್ಚಿದಾಗ ಅವರ ಹಳೇ ಯಂತ್ರವೊಂದನ್ನು ಕೊಂಡು ಬೀದರಿಗೆ ಬಂದೆ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ಕಂಡವಳು ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ನಮ್ಮ ಅಪ್ಪ ಚಿಂತಾಕಿಯ ಸುತ್ತಮುತ್ತ ಬಾವಿ ತೋಡುವ ಕೂಲಿ ಮಾಡಿದವನು. ಕಲ್ಲು ಒಡೆದು ಒಡೆದು ಕೆಳಗೆ ಜಲ ಕಂಡ ದಿನ ಮೇಲಿನಿಂದ ಹಗ್ಗ ಬಿಟ್ಟು ಅಪ್ಪನನ್ನು ಹೊರಗೆ ಎಳೆದುಕೊಳ್ಳುತ್ತಿದ್ದರು. ಪೂಜೆ ಆಗುತ್ತಿತ್ತು. ಆಮೇಲೆ ಅಪ್ಪ ಆ ಬಾವಿಗೆ ಇಳಿಯುವ ಹಾಗಿರಲಿಲ್ಲ, ದಂಡೆಯ ಮೇಲೆ ನಿಲ್ಲುವ ಹಾಗೂ ಇರಲಿಲ್ಲ. ನಿನ್ನೆಯವರೆಗೆ ಅವನ ಬೆವರು ಬಿದ್ದ ಬಾವಿಯ ನೀರನ್ನು ಇವತ್ತು ಅವನ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಯಾವ ಬಾವಿಯ ಕಲ್ಲಿನ ಮೇಲೂ ಅಪ್ಪನ ಹೆಸರಿಲ್ಲ. ಆ ಪುಟದ ಮೇಲೆ ನನ್ನ ಮುಖವೇ ಇರಬೇಕು ಎಂದು ಹಟ ಹಿಡಿದದ್ದಕ್ಕೆ ಬೇರೆ ಕಾರಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಆಗ ಎರಡು ಮಳೆಗಾಲ ಬೆನ್ನುಬೆನ್ನಿಗೆ ಕೈ ಕೊಟ್ಟಿದ್ದವು. ಔರಾದಿನ ಬಸ್‌ಸ್ಟ್ಯಾಂಡಿನಲ್ಲಿ ಜನ ಹಾಸಿಗೆ ಸುತ್ತಿಕೊಂಡು ಹೈದರಾಬಾದು, ಪುಣೆಯ ಬಸ್ಸು ಕಾಯುತ್ತಿದ್ದರು. ಉಳಿದವರು ಬೋರು ಹೊಡೆಸುತ್ತಿದ್ದರು. ಇಂಥ ವರ್ಷಗಳಲ್ಲಿ ನೀರಿನ ಪಾಯಿಂಟ್ ತೋರಿಸುವವರಿಗೆ ಎಲ್ಲಿಲ್ಲದ ಮರ್ಯಾದೆ. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಹೊಲ ಸುತ್ತುವವರನ್ನು ಜೀಪು ಕಳಿಸಿ ಕರೆಸುತ್ತಿದ್ದರು. ಕಾಯಿ ಎದ್ದು ನಿಂತ ಕಡೆ ನೀರು. ನನ್ನನ್ನು ಯಾರೂ ಕರೆಯಲಿಲ್ಲ. ಬೋರಿನ ಪೂಜೆಗೆ ಆರತಿ ಹಿಡಿಯಲು ಹೆಣ್ಣು ಬೇಕು, ಪಾಯಿಂಟ್ ತೋರಿಸಲು ಬೇಡ. ಹಳ್ಳಿಯವರು ಬಿಟ್ಟರೆ ಬಿಡಲಿ, ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯವರು, ಫಂಕ್ಷನ್ ಹಾಲಿನವರು, ಸಾಲೆ ನಡೆಸುವವರು ಎಲ್ಲದಕ್ಕೂ ಮೊಬೈಲ್ ತೆಗೆದು ಹುಡುಕುತ್ತಾರೆ, ಅಲ್ಲಿ ನಾನು ಸಿಗಬೇಕು ಎಂದು ವೆಬ್‌ಸೈಟಿಗೆ ಕೈ ಹಾಕಿದೆ.

ಅಣ್ಣ ಪುಣೆಯಲ್ಲಿ ವಾಚ್‌ಮನ್ ಆಗಿದ್ದವನು ಕೆಲಸ ಹೋಗಿ ಮನೆಗೆ ಬಂದಿದ್ದ. ಅವನ ಹತ್ತಿರ ಬೈಕ್ ಇತ್ತು. ನನ್ನನ್ನು, ಯಂತ್ರವನ್ನು ಕೂರಿಸಿಕೊಂಡು ಹೋಗುತ್ತಿದ್ದ, ತಂತಿಯ ಇನ್ನೊಂದು ತುದಿ ಹಿಡಿಯುತ್ತಿದ್ದ. ಅವನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯ. ಹಿಂದೆ ಇಂಥದೇ ಒಂದು ಬರದಲ್ಲಿ ನಮ್ಮವರು ಕಬ್ಬು ಕಡಿಯುವ ಟೋಳಿಯ ಸಂಗಡ ಮಹಾರಾಷ್ಟ್ರಕ್ಕೆ ಹೊರಟಾಗ ನನ್ನನ್ನು ಭಾಲ್ಕಿಯ ಹಾಸ್ಟೆಲಿನಲ್ಲಿ ಬಿಟ್ಟರು, ಅಣ್ಣನಿಗೆ ಸಾಲೆ ಬಿಡಿಸಿ ಕೈಗೆ ಕೊಯ್ತಾ ಕತ್ತಿ ಕೊಟ್ಟರು. ಅವನು ಮತ್ತೆ ಸಾಲೆಯ ಮುಖ ನೋಡಲಿಲ್ಲ.

"ಫೋನ್ ನಂಬರ್ ಯಾರದು ಹಾಕ್ಲಿ?" ಎಂದು ವೆಬ್‌ಸೈಟಿನವನು ಕೇಳಿದ. ಯಂತ್ರ ಓದುವಾಗ ನನ್ನ ಎರಡೂ ಕೈ ಮಣ್ಣಾಗಿರುತ್ತವೆ, ನಡುವೆ ಫೋನ್ ಎತ್ತಿದರೆ ಲೆಕ್ಕ ತಪ್ಪುತ್ತದೆ. ತಂತಿ ಹಿಡಿದು ನಿಂತವನ ಒಂದು ಕೈ ಖಾಲಿ. "ಅಣ್ಣಂದು ಹಾಕ್ರಿ" ಅಂದೆ. ಖಾತೆ ತೆರೆಯಲು ಓಟಿಪಿ ಬೇಕಾಯಿತು, ಅದೂ ಅಣ್ಣನ ಫೋನಿಗೇ ಬಂತು. ಅಣ್ಣ ಅದನ್ನು ದೊಡ್ಡ ದನಿಯಲ್ಲಿ ಓದಿ ಹೇಳಿದ. ಅವತ್ತು ಅದು ಕೆಲಸದ ಅನುಕೂಲ, ಅಷ್ಟೇ.

ಪುಟ ತೆರೆದ ದಿನ ಅವ್ವನಿಗೆ ತೋರಿಸಿದೆ. ಫೋನನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. "ಭಾಳ ಕರ್ರಗ ಕಾಣಸ್ತೀ" ಅಂದಳು. "ಇದನ್ನ ಹುಡುಗನ ಕಡಿಯವರು ನೋಡಿದ್ರ ಹ್ಯಾಂಗ?"

"ನೋಡ್ಲಿ ಅಂತೇ ಹಾಕೀನಿ."

"ನೋಡಿ ಓಡಿ ಹೋಗ್ತಾರ."

ಫೋನ್ ಬರತೊಡಗಿದವು. ಅಣ್ಣ ಎತ್ತುತ್ತಿದ್ದ. "ಸಾಹೇಬ್ರ ಏನ್ರಿ?" ಅನ್ನುತ್ತಿತ್ತು ಆ ಕಡೆಯ ದನಿ. "ಇಲ್ರಿ, ನೋಡಾಕಿ ನನ್ನ ತಂಗಿ ಅದಾಳ್ರಿ. ಫೋಟೊದಾಗ ಇದ್ದಾಕಿ." ಆ ಕಡೆಯಿಂದ, "ಹೌದಾ? ಹಂಗಾದ್ರ ವಿಚಾರ ಮಾಡಿ ಹೇಳ್ತೇವ್ರಿ." ಆಮೇಲೆ ಯಾರೂ ಹೇಳುತ್ತಿರಲಿಲ್ಲ. ಹೀಗೆ ಅನೇಕ ಫೋನು ಸತ್ತವು. ಒಂದು ದಿನ ಯಾರೋ ಬರೆದುಕೊಟ್ಟ ನಂಬರು ಹಿಡಿದು ಭಾಲ್ಕಿಯಿಂದ ಫಂಕ್ಷನ್ ಹಾಲಿನ ಮಾಲಕ ಫೋನ್ ಮಾಡಿ "ಸಾಹೇಬ್ರ ಏನ್ರಿ?" ಅಂದಾಗ ಅಣ್ಣ ನನ್ನ ಮುಖ ನೋಡಿಕೊಂಡೇ "ಹೌದ್ರಿ, ಹೇಳ್ರಿ" ಅಂದ.

ಕೆಲಸ ಸಿಕ್ಕಿತು.

ಭಾಲ್ಕಿಯಲ್ಲಿ ಅಣ್ಣನಿಗೆ ಕುರ್ಚಿ ಹಾಕಿದರು. ಮದುವೆಯ ಸುಗ್ಗಿ ಬಂದಿತ್ತು, ಹಾಲಿನಲ್ಲಿ ಕೈ ತೊಳೆಯಲು ನೀರಿರಲಿಲ್ಲ, ಮಾಲಕನಿಗೆ ಅವಸರ. ಅಣ್ಣ ನೆರಳಿನಲ್ಲಿ ಚಹಾ ಕುಡಿಯುತ್ತ ಕೂತ. ನಾನು ಹಿಂದಿನ ಬಯಲಿನಲ್ಲಿ ಸಲಾಕೆ ಬಡಿದೆ, ಮಾಲಕನ ಕೂಲಿಯವನ ಕೈಲಿ ತಂತಿಯ ತುದಿ ಕೊಟ್ಟು ಎಳೆಸಿದೆ, ಓದಿದೆ, ಬರೆದುಕೊಂಡೆ, ಮತ್ತೆ ಸಲಾಕೆ ಕಿತ್ತು ದೂರ ಬಡಿದೆ. ಮಾಲಕ ಅಣ್ಣನಿಗೆ ಅಂದದ್ದು ನನಗೆ ಕೇಳಿಸಿತು.

"ನಿಮ್ಮ ಕೂಲಿ ಹೆಣ್ಮಗಳು ಭಾಳ ಚುರುಕ ಅದಾಳ್ರಿ ಸಾಹೇಬ್ರ. ಎಲ್ಲಿಂದ ತಂದೀರಿ?"

"ನಮ್ಮ ಊರಾಕಿನೇರಿ" ಅಂದ ಅಣ್ಣ.

ಅಣ್ಣನ ಚಹಾ ಕಪ್ಪುಬಸಿಯಲ್ಲಿ ಬಂದಿತ್ತು. ನನ್ನದು ಒಮ್ಮೆ ಕುಡಿದು ಎಸೆಯುವ ಪ್ಲಾಸ್ಟಿಕ್ಕಿನಲ್ಲಿ ಬಂತು. ಕುಡಿದೆ. ಲೆಕ್ಕ ಹಾಕಿ ಗೋಡೆಯ ಮೂಲೆಯ ಒಂದು ಜಾಗವನ್ನು ಅಣ್ಣನಿಗೆ ಕಣ್ಣಿನಲ್ಲೇ ತೋರಿಸಿದೆ. ಅವನು ಎದ್ದು ಬಂದು ಬೊಟ್ಟು ಮಾಡುತ್ತಾನೆ ಅಂದುಕೊಂಡಿದ್ದೆ. ಅವನು ಮಾಲಕನಿಗೆ "ಒಂದು ಕಾಯಿ ತರಸ್ರಿ" ಅಂದ. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ಬಯಲೆಲ್ಲ ನಡೆದ. ನಾನು ತೋರಿಸಿದ ಮೂಲೆಗೆ ಬಂದಾಗ ಮಣಿಕಟ್ಟು ಒಂದಿಷ್ಟು ಹೊರಳಿಸಿದ. ಕಾಯಿ ಎದ್ದು ನಿಂತಿತು. ಮಾಲಕ ಚಪ್ಪಲಿ ಬಿಟ್ಟು ಕೈ ಮುಗಿದ.

ಬೈಕಿನಲ್ಲಿ ಬರುವಾಗ ಕೇಳಿದೆ, "ಅದು ಯಾಕ ಬೇಕಿತ್ತು?"

"ನಿನ್ನ ಡಬ್ಬಿ ನೋಡಿ ಅವನಿಗಿ ನಂಬಿಕಿ ಬರ್ಲಿಲ್ಲ. ಕಾಯಿ ನೋಡಿ ಬಂತು. ನೀರು ನಿಂದೇ ಅಲ್ಲ, ಎಲ್ಲಿಗಿ ಹೋಯ್ತು?"

ಅಲ್ಲಿ ನೀರು ಬಿತ್ತು. ಮಾಲಕ ಫೋನ್ ಮಾಡಿ ಅಣ್ಣನಿಗೆ ಮತ್ತೆ ಮತ್ತೆ ನಮಸ್ಕಾರ ಹೇಳಿದ. ಭಾಲ್ಕಿಯ ಮಂದಿಗೆಲ್ಲ ಸುದ್ದಿ ಹೇಳಿದ. ಫೋನು ಹೆಚ್ಚಾದವು. ಅಣ್ಣ ಬಿಳಿ ಅಂಗಿ ಹೊಲಿಸಿಕೊಂಡ. ನನ್ನ ಸಂಗಡ ಬರುವಾಗ ತಂತಿ ಮುಟ್ಟುವುದನ್ನು ಬಿಟ್ಟ.

ಆಮೇಲೆ ನಾನೊಬ್ಬಳೇ ಕೊಳಾರದ ಒಂದು ಕಾರ್ಖಾನೆಗೆ ಹೋಗಿದ್ದೆ. ಗೇಟಿನ ಆಫೀಸಿನ ಗುಮಾಸ್ತ ನನ್ನನ್ನು ಮೇಲೆ ಕೆಳಗೆ ನೋಡಿ, "ಸಾಹೇಬ್ರು ಬರ್ಲಿಲ್ಲ?" ಅಂದ.

"ನಾನೇರಿ ನೋಡಾಕಿ. ವೆಬ್‌ಸೈಟಿನಾಗ ಫೋಟೊ ಅದ ನೋಡ್ರಿ."

ಅವನು ತನ್ನ ಫೋನು ತೆಗೆದು ನೋಡಿ, ನನ್ನ ಕಡೆ ತಿರುಗಿಸಿ ಹಿಡಿದ. ಮೇಲಿನ ದೊಡ್ಡ ಜಾಗದಲ್ಲಿ ಅಣ್ಣ ನಿಂತಿದ್ದ. ಬಿಳಿ ಅಂಗಿ, ಅಂಗೈ ಮೇಲೆ ತೆಂಗಿನಕಾಯಿ. ಕೆಳಗೆ ಅವನ ಹೆಸರು. ಹೆಸರಿನ ಪಕ್ಕದಲ್ಲಿ ಎಂ.ಎಸ್ಸಿ., ಭೂವಿಜ್ಞಾನ. ನನ್ನ ಫೋಟೊ ಪುಟದ ಕೊನೆಗೆ ಇಳಿದಿತ್ತು, ಅದರ ಕೆಳಗೆ 'ನಮ್ಮ ಸಹಾಯಕರು' ಎಂದು ಬರೆದಿತ್ತು.

"ನೀವು ಕೆಳಗ ಇದ್ದೀರಿ ನೋಡ್ರಿ" ಅಂದ ಗುಮಾಸ್ತ, ಸಮಾಧಾನ ಹೇಳುವ ದನಿಯಲ್ಲಿ.

ಕೆಲಸ ಬಿಟ್ಟು ಆಟೊ ಹಿಡಿದು ಹಳೇ ಊರಿನ ಅಂಗಡಿಗೆ ಹೋದೆ. ವೆಬ್‌ಸೈಟಿನವನು ಯಾರದೋ ಮದುವೆ ಕಾರ್ಡಿಗೆ ಚಂದ್ರ ಕೂರಿಸುತ್ತಿದ್ದ. "ಭಾಯಿ ಬಂದಿದ್ರು, ಬದಲಿ ಮಾಡು ಅಂದ್ರು, ಮಾಡ್ದೆ" ಅಂದ.

"ನನ್ನ ಕೇಳಬೇಕಿತ್ತು."

"ಖಾತೆ ಯಾರ ನಂಬರಿನ ಮ್ಯಾಲ ಅದ ಅವರೇ ಮಾಲಕರು, ಆಪಾ. ನೀವೇ ಇಲ್ಲೇ ನಿಂತು ಹಾಕ್ಸಿದ್ರಿ. ಈಗ ತಿರುಗಿ ನಿಮ್ಮದು ಮಾಡ್ಬೇಕಂದ್ರ ಓಟಿಪಿ ಅವರ ಫೋನಿಗೇ ಹೋಗ್ತದ. ತರ್ಸಿಕೊಡ್ರಿ, ಒಂದು ನಿಮಿಷದ ಕೆಲಸ."

ಮನೆಯಲ್ಲಿ ಅಣ್ಣ ಉಣ್ಣುತ್ತ ಕೂತಿದ್ದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಫೋನು ಕೊಡು ಎಂದು ಕೈ ಚಾಚಿದೆ. ಅವನು ಕೊಡಲಿಲ್ಲ, ಸಿಟ್ಟೂ ಆಗಲಿಲ್ಲ.

"ಡಿಗ್ರಿ ಯಾರದು?" ಅಂದೆ.

"ನಿಂದು. ಅದಕ್ಕ ಹೊಟ್ಟಿ ಕಟ್ಟಿದಾವ ಯಾರು? ನೀ ಹಾಸ್ಟೆಲಿನ ಕಾಟಿನ ಮ್ಯಾಲ ಮಲಗಿದಾಗ ನಾ ಕಬ್ಬಿನ ಸ್ವಾಗಿ ಮ್ಯಾಲ ಮಲಗೀನಿ. ನನ್ನ ಕೈ ನೋಡು. ಆ ಡಿಗ್ರಿದಾಗ ಅರ್ಧ ನಂದು."

"ಅರ್ಧ ನಿಂದಾದ್ರ ಅರ್ಧ ಫೋಟೊ ಹಾಕ್ಬೇಕಿತ್ತು. ಪೂರಾ ಯಾಕ ತಿಂದಿ?"

"ನಿನ್ನ ಮಾರಿ ಇದ್ದಾಗ ಎಷ್ಟು ಕೆಲಸ ಬಂದಾವ, ಹೇಳು."

ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನನ್ನ ಸಿಟ್ಟು ಅದರಿಂದ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅವ್ವನ ಕಡೆ ತಿರುಗಿದೆ. ಅವಳು ಹಂಚಿನ ಮೇಲಿನ ರೊಟ್ಟಿ ನೋಡುತ್ತಲೇ ಅಂದಳು, "ಆ ಫೋಟೊ ನೋಡಿ ಅವನಿಗಿ ಹೆಣ್ಣಿನ ಕಡಿಯವರು ಬರ್ಲತ್ತಾರ. ಎಂ.ಎಸ್ಸಿ. ಹುಡುಗ ಅಂತ ತಿಳದಾರ. ಮದಿವಿ ಆಗೋತನ ಅಲ್ಲೇ ಇರ್ಲಿ ಬಿಡು. ನಿನಗೇನು ಕಡಿಮಿ ಆಯ್ತು?"

ಅವತ್ತೇ ಯಂತ್ರವನ್ನು ಕಬ್ಬಿಣದ ಟ್ರಂಕಿಗೆ ಹಾಕಿ ಬೀಗ ಜಡಿದೆ. ಬೀಗದ ಕೈ ಕೊರಳಿಗೆ ಕಟ್ಟಿಕೊಂಡೆ. ಅಣ್ಣ ನಕ್ಕ. ತನಗೆ ಯಂತ್ರ ಬೇಕು ಎಂದು ಅವನಿಗೆ ಅನಿಸುತ್ತಿರಲಿಲ್ಲ. ತನ್ನ ಕೈಯಲ್ಲಿ ಕಾಯಿ ತಾನಾಗಿಯೇ ಏಳುತ್ತದೆ ಎಂದು ಅಷ್ಟು ಹೊತ್ತಿಗೆ ಅವನೇ ನಂಬಿದ್ದ.

ಡಾಬಕಾದ ಆಚೆ ಒಂದು ಖಾಸಗಿ ವಸತಿ ಸಾಲೆ ಇತ್ತು. ಅಪ್ಪ ಅವ್ವ ಪುಣೆಗೋ ಕಬ್ಬಿಗೋ ಹೋದ ಮಕ್ಕಳೇ ಅಲ್ಲಿ ಹೆಚ್ಚು. ಬೋರು ಬತ್ತಿ, ಟ್ಯಾಂಕರು ದಿನ ಬಿಟ್ಟು ದಿನ ಬಂದು, ಕೊನೆಗೆ ನಿಂತಿತ್ತು. ನೀರು ಸಿಗದಿದ್ದರೆ ಸಾಲೆ ಮುಚ್ಚಿ ಮಕ್ಕಳನ್ನು ಕಳಿಸುವುದು ಎಂದು ಸಾಲೆಯ ಸೆಕ್ರೆಟರಿ ಅಣ್ಣನಿಗೆ ಫೋನ್ ಮಾಡಿದ. ಕಳಿಸುವುದು ಎಂದರೆ ಎಲ್ಲಿಗೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಣ್ಣ ಬಿಳಿ ಅಂಗಿ ಹಾಕಿಕೊಂಡು ಒಬ್ಬನೇ ಹೋದ. ಪಾಯಿಂಟ್ ತೋರಿಸಿದ. ಬೋರಿನ ಗಾಡಿ ಬಂತು.

ಮಧ್ಯಾಹ್ನ ಅವನ ಫೋನು ಬಂತು. ಹಿಂದೆ ಗಾಡಿಯ ಸದ್ದು.

"ತಂಗಿ, ಬರೀ ಧೂಳ ಬರ್ಲತ್ತದ. ಗಾಡಿಯವರು ಇನ್ನೊಂದು ಜಾಗ ತೋರಸ್ರಿ, ಇಲ್ಲಂದ್ರ ಹೋಗ್ತೇವಿ ಅಂತಾರ. ನೀ ಕಂಪನಿದಾಗ ಇದ್ದಾಗ ಇಲ್ಲಿ ನೋಡಿದ್ದಿ ಅಲ್ಲ? ಎಲ್ಲಿ ಹೊಡಸ್ಲಿ, ಹೇಳು."

ನೋಡಿದ್ದು ನಿಜ. ಆ ಸಾಲೆಯ ಹಿಂದಿನ ಹಳ್ಳದ ಗುಂಟ ಕಂಪನಿಯ ಕೆಲಸಕ್ಕೆ ನಾನೇ ತಂತಿ ಎಳೆದಿದ್ದೆ. ಒಂದು ಕಡೆ ಕಲ್ಲು ಒಡೆದ ಪದರ ಸಿಕ್ಕಿತ್ತು.

"ಕಾಯಿಗಿ ಕೇಳು" ಅಂದೆ.

"ಮಜಾಕ ಬ್ಯಾಡ. ಸುತ್ತ ಮಂದಿ ನಿಂತಾರ."

"ನಿಲ್ಲಲಿ. ಫೋನು ಸ್ಪೀಕರಿಗಿ ಹಾಕು. ಓದ್ದಾಕಿ ನನ್ನ ತಂಗಿ, ನಾ ಅಲ್ಲ ಅಂತ ಎಲ್ಲಾರ ಮುಂದ ಹೇಳು. ಆಮ್ಯಾಲ ಜಾಗ ಹೇಳ್ತೇನಿ."

ಅವನು ಜನರಿಂದ ದೂರ ಸರಿದದ್ದು ತಿಳಿಯಿತು, ಗಾಡಿಯ ಸದ್ದು ಸಣ್ಣದಾಯಿತು. "ಮನಿಗಿ ಬಂದು ಕಾಲ ಬೀಳ್ತೇನಿ. ಫೋಟೊ ತೆಗಸ್ತೇನಿ. ಈಗ ಜಾಗ ಹೇಳು. ಹುಡುಗುರು ಗಂಟ ಕಟಗೊಂಡು ಕಟ್ಟಿ ಮ್ಯಾಲ ಕುಂತಾವ."

"ಈಗೇ ಹೇಳು. ಅಲ್ಲೇ ಹೇಳು."

ನಾನೂ ಒಂದು ಕಾಲಕ್ಕೆ ಹಾಸ್ಟೆಲಿನ ಕಟ್ಟೆಯ ಮೇಲೆ ಕೂತ ಹುಡುಗಿಯೇ. ಅದು ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ನೆನಪಾಯಿತು, ಆದರೂ ಫೋನಿನಲ್ಲಿ ಸುಮ್ಮನೆ ಕಾದೆ.

ಅಣ್ಣ ಹೇಳಿದ. ಗಾಡಿ ನಿಲ್ಲಿಸಿ ಹೇಳಿದ. "ಎಂ.ಎಸ್ಸಿ. ಮಾಡ್ದಾವ ನಾ ಅಲ್ರಿ. ನನ್ನ ತಂಗಿ. ನನಗ ಏನೂ ಬರಂಗಿಲ್ರಿ." ಕೊನೆಯ ಮಾತನ್ನು ನಾನು ಕೇಳಿರಲಿಲ್ಲ, ಅದನ್ನು ಅವನೇ ಸೇರಿಸಿದ.

ನಾನು ಜಾಗ ಹೇಳಿದೆ. ಹಳ್ಳದ ಬಡಗಣ ದಂಡೆ, ಸಾಲೆಯ ಕಂಪೌಂಡು ಮುಗಿಯುವಲ್ಲಿ, ಅಷ್ಟೇ ಸ್ಪಷ್ಟವಾಗಿ. ಸೆಕ್ರೆಟರಿ ಫೋನು ಕಸಿದುಕೊಂಡ.

"ನೀ ಯಾರವಾ?"

"ಪಾಯಿಂಟ್ ನೋಡಾಕಿ ನಾನೇರಿ. ಓದ್ದಾಕಿ ನಾನು."

"ಹಂಗಾದ್ರ ಫೋಟೊದಾಗ ಇವನು ಯಾಕ ನಿಂತಾನ? ಸುಳ್ಳ ಹೇಳಿ ಒಂದು ಬೋರ್ ಹೊಡಸಿದ್ರಿ. ಈಗ ಖರೇ ಹೇಳಿ ಇನ್ನೊಂದು ಹೊಡಸ್ತೀರಾ? ನಿಮ್ಮ ಅಣ್ಣ ತಂಗಿ ಕುಸ್ತಿಗಿ ನಮ್ಮ ಸಾಲಿ ಏನು ಅಖಾಡ ಅಂತ ತಿಳದೀರಿ?"

"ನಾ ಈಗೇ ಯಂತ್ರ ತೊಗೊಂಡು ಬರ್ತೇನ್ರಿ. ನಿಮ್ಮ ಕಣ್ಣ ಮುಂದ ನೋಡ್ತೇನಿ."

"ಏನೂ ಬ್ಯಾಡ. ಏ, ಗಾಡಿ ಕಳಸ್ರಿ."

ಗಾಡಿ ಹೋಯಿತು. ಅಲ್ಲಿ ನಾನು ಹೇಳಿದ ಜಾಗದಲ್ಲಿ ಇವತ್ತಿನವರೆಗೂ ಯಾರೂ ತೋಡಿಲ್ಲ. ಕೆಳಗೆ ನೀರು ಇತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ಕಲ್ಲು ಒಡೆದಿತ್ತು, ಅಷ್ಟು ಗೊತ್ತು. ಸಾಲೆ ಆ ವಾರವೇ ಮುಚ್ಚಿತು.

ಅಣ್ಣ ಮನೆಗೆ ಬಂದಾಗ ಅಂಗಿಯ ಕಿಸೆ ಹರಿದಿತ್ತು, ಒಂದು ಕಪಾಳ ಊದಿತ್ತು. ಫೋನನ್ನು ನನ್ನ ಮುಂದೆ ಇಟ್ಟ. "ತೊಗೊ. ಸಿಮ್ಮು ಅದರಾಗೇ ಅದ." ಸ್ವಲ್ಪ ದಿನಕ್ಕೆ ಪುಣೆಯ ಬಸ್ಸು ಹತ್ತಿದ. ಹೆಣ್ಣಿನ ಕಡೆಯವರು ಆ ಮೊದಲೇ ಬರುವುದನ್ನು ನಿಲ್ಲಿಸಿದ್ದರು. ಅವ್ವ ನನ್ನ ಸಂಗಡ ಮಾತು ಬಿಟ್ಟಳು. ಬಿಡುವ ಮುಂಚೆ ಒಂದು ಮಾತು ಆಡಿದಳು, "ಅವನ ಮಾರಿ ತೆಗಿಸಿದಿ. ಈಗ ನಿನ್ನ ಮಾರಿ ನೋಡ್ಕೋತ ಕುಂದ್ರು."

ಅಂಗಡಿಗೆ ಹೋದೆ. ಈ ಸಲ ಓಟಿಪಿ ನನ್ನ ಕೈಯಲ್ಲಿದ್ದ ಫೋನಿಗೆ ಬಂತು. ವೆಬ್‌ಸೈಟಿನವನು ಅಣ್ಣನ ಫೋಟೊ ಅಳಿಸಿ ನನ್ನದನ್ನು ಮೇಲಕ್ಕೆ ಎಳೆದ. ನಿಜವಾಗಿಯೂ ಒಂದು ನಿಮಿಷದ ಕೆಲಸ. "ಕಾಯಿದ್ದ ಫೋಟೊ ನಡೀಲತ್ತಿತ್ತು, ಆಪಾ" ಅಂದ, ಅಷ್ಟೇ. ನಾನು ಮಾಡಿದ್ದು ತಪ್ಪು ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಅಪ್ಪ ಬೊಗಸೆ ಒಡ್ಡಿ ನಿಂತ ಹಾಗೆ ನಾನು ನಿಲ್ಲುವವಳಲ್ಲ.

ಬಹಳ ದಿನ ಆ ಫೋನು ಸುಮ್ಮನೆ ಬಿದ್ದಿತ್ತು. ಔರಾದ ತಾಲೂಕಿನಲ್ಲೆಲ್ಲ ನಾವು ಮೋಸದವರು ಎಂದಾಗಿತ್ತು. ಮೊದಲು ಬಂದ ಕರೆ ಒಬ್ಬ ಹೆಂಗಸಿನದು. ಹಿಂದೆ ಟ್ರ್ಯಾಕ್ಟರಿನ ಸದ್ದು, ಮರಾಠಿಯಲ್ಲಿ ಟೋಳಿಯ ಮೇಸ್ತ್ರಿ ಮುಕಾದಮನ ಕೂಗು. ಕಬ್ಬಿನ ಗದ್ದೆಯಿಂದಲೇ ಮಾಡಿದ್ದಳು.

"ಡಾಬಕಾದ ಸಾಲಿ ಬಂದ್ ಮಾಡಿಸಿದಾಕಿ ನೀನೇ ಏನ?"

"ನೀರು ಇಲ್ಲದೆ ಬಂದ್ ಆಯ್ತು" ಎನ್ನಬಹುದಿತ್ತು. ಅಣ್ಣನ ನಂಬರು ಇದು, ಅವನು ಊರಿನಲ್ಲಿಲ್ಲ ಎಂದೂ ಅನ್ನಬಹುದಿತ್ತು.

"ಹೌದ್ರಿ, ನಾನೇ" ಅಂದೆ.

ಆಕೆ ಬೈದಳು. ತನ್ನ ಮಗ ಈಗ ತನ್ನ ಪಕ್ಕದಲ್ಲಿ ಕಬ್ಬಿನ ತುದಿಗರಿಯ ವಾಡೆ ಕಟ್ಟುತ್ತಾನೆ, ಅವನ ಕೈಯೆಲ್ಲ ಸೀಳಿವೆ, ನಿನ್ನ ಕೈ ಸೇದಿಹೋಗಲಿ ಅಂದಳು. ಉಸಿರು ಸಾಲದೆ ನಿಲ್ಲಿಸಿ ಮತ್ತೆ ಬೈದಳು. ನಾನು ಫೋನು ಇಡಲಿಲ್ಲ. ಕೊನೆಗೆ ಆಕೆ ಕೇಳಿದಳು, "ನಿನ್ನ ಹೆಸರೇನು? ಹೆಸರ ಹಿಡದು ಶಾಪ ಹಾಕ್ತೀನಿ, ಹೇಳು."

ಹೇಳಿದೆ. ಆಕೆಗೆ ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ, ಬಿಡಿಸಿ ಹೇಳಿದೆ.